ಪುಂಡಿ ಪಲ್ಯದ ಹುಳಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಜೋಳದ ರೊಟ್ಟಿಗೆ ಒಗ್ಗುವ ಸೊಪ್ಪುಗಳಲ್ಲಿ ಪುಂಡಿಗೆ ಮೊದಲ ಮಣೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾದ ಮೇಲೂ ಊಟದಲ್ಲಿ ಅದರ ಜಾಗ ಹೋಗಿಲ್ಲ. ದಾಸವಾಳದ ಕುಲದ ಈ ಗಿಡದ ಎಲೆಯ ಹುಳಿ ಸಾವಯವ ಆಮ್ಲಗಳದ್ದು; ಕೆಂಪು ದಂಟಿನ ಬಣ್ಣ ಆಂಥೋಸಯನಿನ್‌ನದು. ಅದೂ ಎಲೆಯ ಇತರ ಪಾಲಿಫಿನಾಲ್‌ಗಳೂ ಉತ್ಕರ್ಷಣ ನಿರೋಧಕಗಳು.

ಇವುಗಳ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ದೇಹ ಹೀರಬಲ್ಲ ಸಣ್ಣ ಅಣುಗಳಾಗಿಸುತ್ತವೆ. ಸೊಪ್ಪಿನ ನಾರನ್ನು ಅವು ಹುದುಗಿಸಿದಾಗ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಹಾಗಾಗಿ ಸೊಪ್ಪನ್ನು ಹಿಂಡಿ ಸೋಸಿದ ರಸಕ್ಕಿಂತ ನಾರು ಸಹಿತದ ಪಲ್ಯವೇ ಲೇಸು.

ಈ ಸೀಮೆಯ ಅಡುಗೆಯ ಜಾಣ್ಮೆ ನಿಜಕ್ಕೂ ದೊಡ್ಡದು. ಬೇಯಿಸಿದ ಸೊಪ್ಪಿಗೆ ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ ಕೂಡಿಸಿ ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಹುಳಿ ಹದಕ್ಕೆ ಬರುತ್ತದೆ, ನಾರೂ ಕೂಡುತ್ತದೆ. ಕುದಿಸಿದ ನೀರು ಬಸಿದರೆ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ತಗ್ಗುತ್ತದೆ. ಒಂದಷ್ಟು ವಿಟಮಿನ್ ಸಿ ಕೂಡ ಹೋಗುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ ಮಿತವಾಗಿ ತಿನ್ನಬೇಕು.