ಒಳಹೊಕ್ಕವನ ಸಂಕಟಕ್ಕೆ ಜಾಗವಿಲ್ಲದ ಚಿತ್ರಗಳು

ಕಳಂಕ ಹೊತ್ತ ಪೊಲೀಸನೊಬ್ಬ ಭೂಗತಲೋಕದ ಒಳಹೊಕ್ಕು ಅದನ್ನು ಒಡೆಯುವ ಕಥೆಯಲ್ಲಿ ಹೊಡೆದಾಟಕ್ಕಿಂತ ದೊಡ್ಡದೊಂದು ಸಂಗತಿ ಇದೆ. ನಂಬಿಸಬೇಕು, ನಂಬಿದವನನ್ನೇ ಕೊನೆಗೆ ಹಿಡಿದುಕೊಡಬೇಕು. ಕನ್ನಡದ ಆ್ಯಕ್ಷನ್ ಚಿತ್ರಗಳು ಈ ಸಂಕಟದ ಬಾಗಿಲಿಗೆ ಹೋಗಿ ತಿರುಗಿ ಬರುತ್ತಲೇ ಇವೆ ಎಂಬುದು ನನ್ನ ತಕರಾರು. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೈ–ಭಗವಾನ್ ಕಟ್ಟಿದ ಸಿಐಡಿ 999, 1988ರ ‘ಸಾಂಗ್ಲಿಯಾನ’ದ ಶಂಕರ್‌ನಾಗ್, ಇವರಿಗೆಲ್ಲ ವೇಷ ಬರೀ ಉಪಾಯ. ಕಳಚಿಟ್ಟರೆ ಒಳಗಿದ್ದ ಮನುಷ್ಯ ಕೂದಲೂ ಕೊಂಕದೆ ಹೊರಬರುತ್ತಾನೆ. 1995ರಲ್ಲಿ ಉಪೇಂದ್ರರ ‘ಓಂ’ ಕ್ಯಾಮೆರಾವನ್ನು ರೌಡಿಯ ಕಡೆಗೆ ತಿರುಗಿಸಿತು. ಭೂಗತಲೋಕದಲ್ಲಿ ಹೆಸರಿದ್ದವರೇ ತೆರೆಯ ಮೇಲೆ ಬಂದರು. ಅಲ್ಲಿಂದ ಡಾನ್‌ಗೆ ಮನಸ್ಸು, ಮನೆ, ಹಿಂದಿನ ಕಥೆ ಎಲ್ಲ ದಕ್ಕಿತು. ಪೊಲೀಸನಿಗೆ ಏನೂ ದಕ್ಕಲಿಲ್ಲ.

ಈ ಎರಡೂ ಧಾರೆಗಳು ಕೂಡುವುದು ನರ್ತನ್ ನಿರ್ದೇಶನದ ‘ಮಫ್ತಿ’ಯಲ್ಲಿ (2017). ಶ್ರೀಮುರಳಿಯ ಗಣ ಮಫ್ತಿಯಲ್ಲಿ ಗ್ಯಾಂಗ್ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾನೆ. ಶಿವರಾಜಕುಮಾರ್ ಅವರ ಭೈರತಿ ರಣಗಲ್ ಚಿತ್ರದ ಮೊದಲರ್ಧದ ಬಹುಭಾಗ ಬರೀ ಹೆಸರಾಗಿಯೇ ಇದ್ದಾನೆ; ಬಸ್ರೂರಿನ ರವಿಯವರ ಸಂಗೀತ ಆ ಹೆಸರಿನ ಸುತ್ತ ಭಯಭಕ್ತಿ ಕಟ್ಟುತ್ತದೆ. ಈ ಕಾಯಿಸುವಿಕೆ ಚಿತ್ರದ ನಿಜವಾದ ಸಾಧನೆ. ಆದರೆ ರಣಗಲ್ ಎದುರು ಬಂದ ಮೇಲೆ ಗಣನ ಕೆಲಸ ನೋಡುವುದಷ್ಟೇ ಆಗಿಬಿಡುತ್ತದೆ. ಡಾನ್ ಬಡವರ ಬಂಧು, ದುಷ್ಟರು ರಾಜಕಾರಣದ ಕಡೆಯವರು ಎಂದು ಗೊತ್ತಾದಾಗ ಗಣ ದ್ರೋಹ ಬಗೆಯಬೇಕಾದ ಪ್ರಮೇಯವೇ ಇಲ್ಲವಾಗುತ್ತದೆ. 2024ರಲ್ಲಿ ಹಿಂದಿನ ಕಥೆ ಹೇಳಹೊರಟಾಗ ಬಂದದ್ದೂ ‘ಭೈರತಿ ರಣಗಲ್’. ಗಣ ಯಾರು, ಎಲ್ಲಿಂದ ಬಂದ ಎಂದು ಯಾರೂ ಕೇಳಲಿಲ್ಲ. ಸಿದ್ದಾಪುರಕ್ಕೆ ಹತ್ತಿರದ ಕೆರಾಡಿಯಲ್ಲಿ ರಿಷಬ್ ಶೆಟ್ಟಿ ಚಿತ್ರೀಕರಿಸಿದ ‘ಕಾಂತಾರ’ (2022) ಬೇರೆ ಜಾತಿಯ ಚಿತ್ರ, ಆದರೂ ಗಂಟು ಬಿಚ್ಚುವ ರೀತಿ ಇದೇ. ಅರಣ್ಯಾಧಿಕಾರಿ ಮುರಳಿಗೂ ಶಿವನಿಗೂ ಅವರವರ ನ್ಯಾಯವಿದೆ. ಆ ಎರಡು ನ್ಯಾಯಗಳ ತಿಕ್ಕಾಟ ಬಿಗಿಯಾಗುವಷ್ಟರಲ್ಲಿ ಊರಿನ ಧಣಿಯ ಕುತಂತ್ರ ಬಯಲಾಗಿ ಇಬ್ಬರೂ ಒಂದೇ ಪಕ್ಷವಾಗುತ್ತಾರೆ.

ಸ್ಟಾರ್ ನಟನನ್ನು ದ್ರೋಹಕ್ಕೆ ಗುರಿ ಮಾಡಿದರೆ ಪ್ರೇಕ್ಷಕ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಸರ್ಕಾರ ತಡವಾಗಿ ತಲುಪುವ ಊರುಗಳಲ್ಲಿ ಡಾನ್‌ನ ನ್ಯಾಯ ಜನರಿಗೆ ನಿಜವೇ ಅನಿಸುತ್ತದೆ ಎಂಬ ಮಾತೂ ಇದೆ. ಎರಡನೆಯದರಲ್ಲಿ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ಆದರೆ ಡಾನ್ ಒಳ್ಳೆಯವನಾದಷ್ಟೂ ಅವನನ್ನು ಹಿಡಿದುಕೊಡುವುದು ಕಷ್ಟವಾಗಬೇಕು. ನಮ್ಮಲ್ಲಿ ಅದು ಅನಗತ್ಯವಾಗುತ್ತದೆ. 1997ರ ‘ಡಾನಿ ಬ್ರಾಸ್ಕೊ’ದಲ್ಲಿ ತನ್ನನ್ನು ಗ್ಯಾಂಗಿಗೆ ಪರಿಚಯಿಸಿದ ಮುದಿ ಲೆಫ್ಟಿಯ ಪ್ರಾಣಕ್ಕೆ ಎಫ್‌ಬಿಐ ಏಜೆಂಟನ ಗೆಲುವೇ ಎರವಾಗುತ್ತದೆ. ಹಾಂಕಾಂಗ್‌ನ ‘ಇನ್‌ಫರ್ನಲ್ ಅಫೇರ್ಸ್’ನಲ್ಲಿ (2002) ಮೇಲಧಿಕಾರಿ ಸತ್ತೊಡನೆ, ಒಳಹೊಕ್ಕವನು ಪೊಲೀಸ್ ಎಂದು ಸಾಕ್ಷಿ ಹೇಳುವ ಬಾಯಿಯೇ ಇಲ್ಲವಾಗುತ್ತದೆ.

ಇನ್ನು ಪ್ರೇಕ್ಷಕನ ಮಾತು. ಸಿದ್ದಾಪುರ, ಕಮಲಶಿಲೆ, ಮಂದಾರ್ತಿ ಸುತ್ತಿನ ಜನ ರಾತ್ರಿಯಿಡೀ ಕೂತು ನೋಡುವ ಬಯಲಾಟಕ್ಕೆ ವಿರಾಟಪರ್ವದ ಕಥೆ ಹೊಸತಲ್ಲ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ಅಡುಗೆಯವನ ವೇಷದ ಭೀಮನ ಕಣ್ಣು ಮರದ ಮೇಲೆ ಬೀಳುತ್ತದೆ. ಕಂಕನಾಗಿರುವ ಧರ್ಮರಾಯ ಅವನನ್ನು ತಡೆಯುತ್ತಾನೆ. ಕೈಯೆತ್ತಿದರೆ ಗುರುತು ಬಯಲಾಗಿ ಮತ್ತೆ ಹನ್ನೆರಡು ವರ್ಷ ವನವಾಸ, ಎತ್ತದಿದ್ದರೆ ಹೆಂಡತಿಯ ಅವಮಾನ ನುಂಗಬೇಕು. ತಡೆದವನನ್ನು ದ್ರೌಪದಿ ಕ್ಷಮಿಸಬೇಕೆಂದೇನೂ ಕಥೆ ಕೇಳುವುದಿಲ್ಲ, ಅಲ್ಲಿಗೆ ಮೂರನೆಯ ಖಳನೊಬ್ಬ ಬಂದು ಅವರನ್ನು ಪಾರು ಮಾಡುವುದೂ ಇಲ್ಲ. ಇಂಥ ಇಕ್ಕಟ್ಟನ್ನು ತಲೆಮಾರುಗಳಿಂದ ಬಲ್ಲ ಜನಕ್ಕೆ ಗಣನ ಸಂಕಟ ಭಾರವಾದೀತು ಎನ್ನುವುದು ಚಿತ್ರರಂಗದ ಅಂಜಿಕೆ, ಪ್ರೇಕ್ಷಕನದಲ್ಲ. ರಣಗಲ್‌ನಷ್ಟೇ ದೊಡ್ಡ ಡಾನ್ ಇರಲಿ, ಅವನ ಒಳ್ಳೆಯತನವೂ ಇರಲಿ. ಆದರೆ ಅವನ ಕೈಗೆ ಬೇಡಿ ಹಾಕುವ ಕೆಲಸವನ್ನು ಅವನ ಅನ್ನ ಉಂಡ ಪೊಲೀಸನಿಗೇ ಬಿಡಬೇಕು, ಅದರಿಂದ ಹತ್ತುವ ಕಳಂಕವನ್ನು ಕೊನೆಯ ರೀಲಿನಲ್ಲಿ ತೊಳೆಯಬಾರದು.