ಮದ್ದು, ವಿಷ ಮತ್ತು ನಗೆ

ಜೈನ ಕರ್ಮಸಿದ್ಧಾಂತವು ಹಾಸ್ಯವನ್ನು ನೋಕಷಾಯಗಳ ಸಾಲಿನಲ್ಲಿ ಎಣಿಸಿದೆ. ಕ್ರೋಧ, ಮಾನ, ಮಾಯೆ, ಲೋಭಗಳಷ್ಟು ಉಗ್ರವಲ್ಲದಿದ್ದರೂ ಅವುಗಳ ಬೆನ್ನಿಗೇ ನಡೆದುಬರುವ ಭಾವವದು. ನಗುವವರೆಲ್ಲ ಪಾಪಿಗಳೆಂದು ಇದರ ಅರ್ಥವಲ್ಲ. ನಗೆಯೂ ಆತ್ಮಪರೀಕ್ಷೆಗೆ ಹೊರತಲ್ಲ ಎಂಬುದೇ ತಾತ್ಪರ್ಯ. ನಗೆ ಯಾರನ್ನು ಕುರಿತದ್ದು, ಯಾರ ನೋವನ್ನು ಮರೆಸಿ ಹುಟ್ಟಿದ್ದು ಎಂಬ ಪ್ರಶ್ನೆಯನ್ನು ಶ್ರಾವಕನು ಎಂದಾದರೂ ಎದುರಿಸಲೇಬೇಕಾಗುತ್ತದೆ.

ಈ ಪ್ರಶ್ನೆಯನ್ನು ಹುಟ್ಟಿಸುವ ಎರಡು ಚಿತ್ರಗಳಿವೆ. ಒಂದು, ಕೆ. ಆರ್. ಮನೋಜ್ ಅವರು 2010ರಲ್ಲಿ ನಿರ್ದೇಶಿಸಿದ, ರಾಷ್ಟ್ರಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರ ‘ಎ ಪೆಸ್ಟರಿಂಗ್ ಜರ್ನಿ’. ಇನ್ನೊಂದು, ಸಾಜಿದ್–ಫರ್ಹಾದ್ ಜೋಡಿಯ ನಿರ್ದೇಶನದಲ್ಲಿ 2016ರ ಜೂನ್ 3ರಂದು ತೆರೆಕಂಡ ಹಿಂದೀ ಹಾಸ್ಯಚಿತ್ರ ‘ಹೌಸ್‌ಫುಲ್ 3’. ಮೊದಲನೆಯದನ್ನು ನೋಡಿದವರು ವಿರಳ. ಎರಡನೆಯದು ಕಿರುತೆರೆಯ ದ್ವಾರದಿಂದ ಮನೆಮನೆಯ ಪಡಸಾಲೆಯನ್ನು ಪ್ರವೇಶಿಸಿದೆ. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧ ಕಾಣದು. ಆದರೆ ಮಂಗಳೂರಿನಲ್ಲಿ ಕುಳಿತು ಎರಡನ್ನೂ ನೋಡುವವರಿಗೆ ಸಂಬಂಧವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎರಡರಲ್ಲಿಯೂ ನಡೆಯಲಾರದ, ಕಾಣಲಾರದ, ಮಾತನಾಡಲಾರದ ದೇಹಗಳಿವೆ. ಒಂದರಲ್ಲಿ ಅವು ಸತ್ಯ, ಇನ್ನೊಂದರಲ್ಲಿ ವೇಷ.

ಸಾಕ್ಷ್ಯಚಿತ್ರದ ಕಥೆ ಈ ನಾಡಿನವರಿಗೆ ಅಪರಿಚಿತವಲ್ಲ. ಕಾಸರಗೋಡು ಜಿಲ್ಲೆಯ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ, ಗೇರಿನ ಚಿಗುರನ್ನೂ ಹೂವನ್ನೂ ಕೆಡಿಸುವ ಟೀ ಸೊಳ್ಳೆ. ತೋಪುಗಳ ನಡುವೆ ಮನೆಗಳೂ ತೆರೆದ ಬಾವಿಗಳೂ ಸುರಂಗಗಳೂ ಇದ್ದವು. ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಗುರುತಿಸತೊಡಗಿದರು. ಪತ್ರಕರ್ತ ಶ್ರೀ ಪಡ್ರೆಯವರು ಲೋಕಕ್ಕೆ ತಿಳಿಸಿದರು. ಗಡಿಯ ಈಚೆಗೂ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳಲ್ಲಿ ಇದೇ ಸಿಂಪಡಣೆ ನಡೆದಿತ್ತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಈ ವಿಷಯವನ್ನು ಅಂಕಿಅಂಶಗಳ ವರದಿಯಾಗಿ ನಿರೂಪಿಸುವುದು ಸುಲಭವಿತ್ತು. ಮನೋಜ್ ಆ ದಾರಿಯನ್ನು ಹಿಡಿಯಲಿಲ್ಲ. ಅವರ ಚಿತ್ರ ಒಂದು ಅಲೆದಾಟ. ಪಂಜಾಬಿನ ಹತ್ತಿಯ ಸೀಮೆಯಾದ ಬಟಿಂಡಾದಿಂದ ಅರ್ಬುದರೋಗಿಗಳು ಚಿಕಿತ್ಸೆಗಾಗಿ ಬಿಕಾನೇರಿಗೆ ಪಯಣಿಸುವ ರೈಲು, ಜನರ ಬಾಯಲ್ಲಿ ‘ಕ್ಯಾನ್ಸರ್ ರೈಲು’, ಇಲ್ಲಿ ಕಾಸರಗೋಡಿನ ಗುಡ್ಡಗಳೊಡನೆ ಜೋಡಿಗೊಂಡಿದೆ. ಪೀಡೆ ಎಂದರೆ ಯಾವುದು, ಮದ್ದು ಯಾವುದು, ವಿಷ ಯಾವುದು ಎಂದು ಚಿತ್ರ ಕೇಳುತ್ತ ಸಾಗುತ್ತದೆ. ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಮಗುವಿನ ಜ್ವರಕ್ಕೆ ಕೊಡುವುದೂ ‘ಮದ್ದು’, ಅಡಕೆಯ ಕೊನೆಗೆ ಬಿಡುವುದೂ ‘ಮದ್ದು’. ಒಂದೇ ಶಬ್ದದ ಆಸರೆಯಲ್ಲಿ ವಿಷವು ಎಷ್ಟು ನಿರ್ಭಯವಾಗಿ ಅಂಗಳಕ್ಕೆ ಬರಬಲ್ಲದೆಂಬುದು ಚಿತ್ರ ಮುಗಿದ ಮೇಲೆ ಹೊಳೆಯುತ್ತದೆ.

ಈ ಅಸಾಂಪ್ರದಾಯಿಕತೆಯಲ್ಲಿ ಕೊರತೆಯೂ ಇದೆ. ಎರಡು ದೂರದ ಪ್ರದೇಶಗಳ ನಡುವಿನ ಓಡಾಟದಲ್ಲಿ ಕ್ರಮಬದ್ಧ ಮಾಹಿತಿಯನ್ನು ಬಯಸುವ ಪ್ರೇಕ್ಷಕ ಕೆಲವೆಡೆ ದಾರಿ ತಪ್ಪಬಹುದು. ಎಲ್ಲ ಕಾಯಿಲೆಗಳಿಗೂ ಈ ಕೀಟನಾಶಕವೇ ಕಾರಣವೆಂಬುದನ್ನು ಒಪ್ಪದ ಕೃಷಿವಿಜ್ಞಾನಿಗಳೂ ಇದ್ದಾರೆ. ಆ ವಾದದ ಇತ್ಯರ್ಥವನ್ನು ಬಯಸುವವರಿಗೆ ಈ ಚಿತ್ರ ಸಾಲದು. ಆದರೆ ಹಿಂಸೆಯ ಮೂಲದಲ್ಲಿ ಪ್ರಮಾದವಿದೆ ಎಂದು ಕಲಿತವರಿಗೆ ಸಾಕಾಗುವಷ್ಟು ಇಲ್ಲಿದೆ. ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ. ಕೆಳಗೆ ಬಾವಿಯಿದೆಯೇ ಎಂದು ಬಾಗಿ ನೋಡುವ ಎಚ್ಚರವಿರಲಿಲ್ಲ, ಅಷ್ಟೇ. ಕೃಷಿಯಲ್ಲಿ ಅನಿವಾರ್ಯವಾದುದನ್ನು ಉದ್ಯೋಗೀ ಹಿಂಸೆಯೆಂದು ಗೃಹಸ್ಥನಿಗೆ ಕ್ಷಮಿಸುವ ಶಾಸ್ತ್ರವು ಯತ್ನಾಚಾರದಿಂದ ಅವನನ್ನು ಬಿಡುಗಡೆ ಮಾಡಿಲ್ಲ. ತೋಟಗಳನ್ನು ಹೊಂದಿದ ತುಳುನಾಡಿನ ಜೈನ ಮನೆತನಗಳಿಗೆ ಇದು ಪರರ ಕಥೆಯಾಗಿ ಉಳಿಯದು.

ಇನ್ನು ‘ಹೌಸ್‌ಫುಲ್ 3’. ಲಂಡನ್ನಿನಲ್ಲಿ ನೆಲೆಸಿದ ಶ್ರೀಮಂತ ಬಟುಕ್ ಪಟೇಲನಿಗೆ ಮೂವರು ಪುತ್ರಿಯರು. ಜ್ಯೋತಿಷಿಯ ವೇಷದವನೊಬ್ಬ ಭವಿಷ್ಯ ನುಡಿಯುತ್ತಾನೆ: ಒಬ್ಬ ಅಳಿಯ ಮನೆಯೊಳಗೆ ಕಾಲಿಟ್ಟರೆ, ಇನ್ನೊಬ್ಬ ಮಾವನನ್ನು ಕಂಡರೆ, ಮತ್ತೊಬ್ಬ ಮಾತನಾಡಿದರೆ ತಂದೆಗೆ ಮರಣ. ಆದ್ದರಿಂದ ಅಕ್ಷಯ್ ಕುಮಾರ್, ರಿತೇಶ್ ದೇಶ್‌ಮುಖ್, ಅಭಿಷೇಕ್ ಬಚ್ಚನ್ ಅವರ ಪಾತ್ರಗಳು ಕ್ರಮವಾಗಿ ಗಾಲಿಕುರ್ಚಿಯವನಾಗಿ, ಅಂಧನಾಗಿ, ಮೂಗನಾಗಿ ನಟಿಸುತ್ತವೆ. ನಟರಿಗೆ ಹಾಸ್ಯದ ಸಮಯಪ್ರಜ್ಞೆಯಿದೆ. ಅಲ್ಲಲ್ಲಿ ಮಾತಿನ ಚಮತ್ಕಾರವೂ ಇದೆ. ಆದರೆ ಒಂದೇ ಯುಕ್ತಿಯನ್ನು ಎರಡು ಗಂಟೆಗೂ ಮಿಕ್ಕಿ ಎಳೆದಾಗ ನಗೆ ಬತ್ತಿ ಗದ್ದಲವಷ್ಟೇ ಉಳಿಯುತ್ತದೆ. ಕಲೆಯ ದೃಷ್ಟಿಯಿಂದ ಚಿತ್ರ ಸಾಧಾರಣ. ಅದನ್ನು ಅಲ್ಲಿಗೇ ಮರೆಯಬಹುದಿತ್ತು.

ಮರೆಯಲಾಗದಿರುವುದು ಅದರ ನಗೆಯ ಆಧಾರ. ವೇಷ ತೊಟ್ಟವನು ಬೇಕಾದಾಗ ಗಾಲಿಕುರ್ಚಿಯಿಂದೆದ್ದು ಓಡಬಲ್ಲ. ಕೊಕ್ಕಡದ ಪಾಲನಾ ಕೇಂದ್ರಕ್ಕೆ ಬರುವ ಎಂಡೋ ಸಂತ್ರಸ್ತರಿಗೆ ಆ ಸೌಲಭ್ಯವಿಲ್ಲ. ಚಿತ್ರ ತೆರೆಕಂಡ ವರ್ಷದ ಕೊನೆಯಲ್ಲಿಯೇ ಸಂಸತ್ತು ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿ, 7 ಇದ್ದ ವೈಕಲ್ಯ ಪ್ರಕಾರಗಳನ್ನು 21ಕ್ಕೆ ಏರಿಸಿತೆಂಬುದು ಗಮನಾರ್ಹ. 2024ರ ಜುಲೈಯಲ್ಲಿ ‘ಆಂಖ್ ಮಿಚೋಲಿ’ ಎಂಬ ಮತ್ತೊಂದು ಹಾಸ್ಯಚಿತ್ರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವೈಕಲ್ಯವನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ, ಅದನ್ನು ಹೊತ್ತವರನ್ನು ಕೀಳುಗೈಯುವ ಹಾಸ್ಯ ಬೇರೆ ಎಂದು ಭೇದವನ್ನು ತೋರಿತು.

ಸಿನಿಮಾ ಕೇವಲ ಮನರಂಜನೆ, ಅಲ್ಲಿ ನೀತಿಯನ್ನು ಹುಡುಕುವುದೇಕೆ ಎಂಬ ಆಕ್ಷೇಪ ಸಹಜ. ಯಕ್ಷಗಾನದ ಹಾಸ್ಯಗಾರನನ್ನು ನೋಡಿ ಬೆಳೆದ ಈ ನಾಡಿಗೆ ನಗೆಯೇನೂ ನಿಷಿದ್ಧವಲ್ಲ. ಆದರೆ ರಂಗಸ್ಥಳದಲ್ಲಿ ಅವನ ಕೀಟಲೆ ದರ್ಪದ ರಾಜನನ್ನೂ ಬಿಡುವುದಿಲ್ಲ. ಅಲ್ಲಿ ನಗೆಯು ಬಲಿಷ್ಠನ ಕಿರೀಟವನ್ನು ಅಲುಗಾಡಿಸುತ್ತದೆ. ‘ಹೌಸ್‌ಫುಲ್ 3’ ಆ ದಿಕ್ಕನ್ನೇ ತಿರುಗಿಸಿದೆ.

ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳೇ ಹತ್ತಿರದ ಆಸರೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂಬುದು ಬಯಲಾಯಿತು. ಇಂಥ ಊರಿನಲ್ಲಿ, ಕುತ್ತಿಗೆ ನಿಲ್ಲದ ಮಗುವನ್ನು ಮಡಿಲಲ್ಲಿಟ್ಟ ತಾಯಿಯೊಬ್ಬಳು ಕುಳಿತಿರುವ ಕೋಣೆಯಲ್ಲಿಯೂ ದೂರದರ್ಶನ ಇಂಥ ಹಾಸ್ಯವನ್ನು ಬಿತ್ತರಿಸುತ್ತಿರಬಹುದು. ಅವಳ ಎದುರು ನಗಲಾಗದ್ದನ್ನು ಅವಳಿಲ್ಲದಾಗ ನಗುವುದು ಭಾವಹಿಂಸೆಯಲ್ಲದೆ ಮತ್ತೇನು?

ಬಸದಿಗಳ ಸಭಾಭವನಗಳಲ್ಲಿ ಪರ್ವದಿನಗಳ ಸಂಜೆ ಏನನ್ನು ತೋರಿಸಬೇಕೆಂದು ನಿರ್ಧರಿಸುವವರು ಟ್ರಸ್ಟಿನ ಹಿರಿಯರು. ಒಂದು ಸಂಜೆಯನ್ನು ಈ ಸಾಕ್ಷ್ಯಚಿತ್ರಕ್ಕೆ ಮೀಸಲಿಟ್ಟು, ಬಳಿಕ ಸಂತ್ರಸ್ತರ ಆರೈಕೆಯಲ್ಲಿ ತೊಡಗಿರುವವರನ್ನು ಮಾತನಾಡಿಸುವುದು ಕಷ್ಟಸಾಧ್ಯವೇನಲ್ಲ. ಅಭಯದಾನ, ಔಷಧದಾನಗಳು ಶ್ರಾವಕರಿಗೆ ಹೊಸತಲ್ಲ. ಆ ಸಂಜೆ ಮನೆಗೆ ಮರಳಿದವರು ತೋಟದ ಕೊಟ್ಟಿಗೆಯಲ್ಲಿರುವ ‘ಮದ್ದಿ’ನ ಡಬ್ಬಿಯ ಮೇಲಿನ ಬರಹವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದರೂ ಪ್ರದರ್ಶನ ಸಾರ್ಥಕ.