ಪಥ್ಯ ಏನಾದರೂ ಇದೆಯೇ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ಊರುಗಳ ಯಾವ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ ಹಳ್ಳಿಯ ಹೆಂಗಸು ಕೇಳುತ್ತಾಳೆ: "ಪತ್ಯ ಏನಾರ ಅದಾ ಸಾ?" ಅವಳ ಹಿಂದೆ ನಿಂತ ಬುರ್ಖಾದ ಮುದುಕಿ ದಖನಿಯಲ್ಲಿ ಅದನ್ನೇ ಕೇಳುತ್ತಾಳೆ: "ಪರೇಜ್ ಕುಛ್ ಹೈ ಕ್ಯಾ ಭಾಯಿ?" ಒಳಗಿನಿಂದ ಇಬ್ಬರಿಗೂ ಒಂದೇ ಉತ್ತರ: "ಏನೂ ಇಲ್ಲ, ಹೋಗಮ್ಮ."

ಆ ಉತ್ತರದ ಬಗ್ಗೆಯೇ ನಮ್ಮ ತಕರಾರು. ಈ ತಾಲ್ಲೂಕುಗಳ ವೈದ್ಯರು, ಫಾರ್ಮಸಿಸ್ಟರು, ನರ್ಸಮ್ಮಂದಿರು, ಆಶಾ ಕಾರ್ಯಕರ್ತೆಯರಲ್ಲಿ ಕೆಲವರೊಡನೆ ಈ ವಿಚಾರ ಎತ್ತಿದಾಗ ಹೆಚ್ಚಿನವರು ನಕ್ಕರು. ನಾಟಿ ವೈದ್ಯರ, ಹಕೀಮರ ಕಾಲದ ಅಭ್ಯಾಸ ಜನರಿಂದ ಇನ್ನೂ ಹೋಗಿಲ್ಲ, ಇಂಗ್ಲಿಷ್ ಔಷಧಿಗೆ ಎಂಥ ಪಥ್ಯ ಎಂಬುದು ಅವರ ಮಾತಿನ ಧಾಟಿ. ಬದನೆಕಾಯಿ ತಿನ್ನಬಹುದೇ, ಕೋಳಿ ತಿನ್ನಬಹುದೇ ಎಂದು ದಿನವಿಡೀ ಕೇಳಿಸಿಕೊಳ್ಳುವವರ ಬೇಸರ ನಮಗೆ ಅರ್ಥವಾಗದ್ದೇನಲ್ಲ. ಆದರೆ ಇಂಗ್ಲಿಷ್ ಔಷಧಿಗೂ ಪಥ್ಯವಿದೆ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗಿದರೆ ಅದರ ಬಹುಪಾಲು ಮೈಗೆ ಹತ್ತುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೆ ಹಾಲು-ಮೊಸರು ಆಗದು. ಥೈರಾಯ್ಡ್ ಮಾತ್ರೆ ಬರಿ ಹೊಟ್ಟೆಯಲ್ಲೇ ಬೀಳಬೇಕು, ಕಾಫಿ ಅರ್ಧ ಗಂಟೆ ಕಾಯಬೇಕು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಹೆಂಡ ಮುಟ್ಟಬಾರದೆಂಬ ಎಚ್ಚರಿಕೆ ಇದೆ. ಇನ್ನು ನೋವಿನ ಮಾತ್ರೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿ ಆರದಂತೆ ರಾತ್ರಿಯಿಡೀ ಕಾಯಬೇಕು. ನಿದ್ದೆಗೆಟ್ಟು, ಸೊಂಟ ಹಿಡಿದು, ಬರಿ ಹೊಟ್ಟೆಗೆ ಡೈಕ್ಲೋಫೆನಾಕ್ ನುಂಗುವವನ ಕರುಳು ಹುಣ್ಣಾದರೆ ಅದು ಪಥ್ಯ ತಪ್ಪಿದ್ದೇ ಅಲ್ಲವೆ? ಹೆಂಗಸು ಕೇಳಿದ್ದು ಸರಿಯಾದ ಪ್ರಶ್ನೆ. ಅವಳಿಗೆ ಸಿಕ್ಕ ಉತ್ತರ ತಪ್ಪು.

ಕಾನೂನೂ ಅವಳ ಕಡೆಗಿದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಔಷಧಿ ಕೊಡುವ ನೋಂದಾಯಿತ ಫಾರ್ಮಸಿಸ್ಟ್ ಅದನ್ನು ಹೇಗೆ, ಎಷ್ಟು ದಿನ ತೆಗೆದುಕೊಳ್ಳಬೇಕು, ಏನು ತೊಂದರೆ ಕಾಣಬಹುದು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಮನೆಯಲ್ಲಿ ಎಲ್ಲಿಡಬೇಕು ಎಂಬುದನ್ನು ರೋಗಿಗೆ ತಿಳಿಹೇಳಬೇಕು. ಆದರೆ ಗೋಡೆಯ ಮೇಲಿನ ಪ್ರಮಾಣಪತ್ರ ಒಬ್ಬರದು, ಮಾತ್ರೆ ಕತ್ತರಿಸಿ ಕೊಡುವ ಕೈ ಇನ್ನೊಬ್ಬರದು ಎಂಬುದು ನಾಡಿಗೆಲ್ಲ ಗೊತ್ತಿರುವ ಗುಟ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಇದ್ದರೂ ದಾಸ್ತಾನು ಪುಸ್ತಕ ಬರೆಯುವುದು, ಉದ್ದ ಸಾಲು ಕರಗಿಸುವುದು ಎರಡೂ ಅವರ ಹೆಗಲಿಗೇ. ನಮಗೆ ಹೆಚ್ಚು ಕಂಗೆಡಿಸಿದ್ದು ಬೇರೆಯದು. ವೈದ್ಯರು ಹೇಳಿರುತ್ತಾರೆಂದು ಫಾರ್ಮಸಿಯವರು ನಂಬಿದ್ದಾರೆ, ಫಾರ್ಮಸಿಯವರು ಹೇಳುತ್ತಾರೆಂದು ವೈದ್ಯರು. ನಡುವೆ ರೋಗಿಯ ಕೈಗೆ ಬರುವುದು ಇಂಗ್ಲಿಷ್ ಅಕ್ಷರದ ಪಟ್ಟಿ ಮತ್ತು ಕವರಿನ ಮೇಲೆ ಗೀಚಿದ 1-0-1. ದಿನಕ್ಕೆ ಮೂರು ಊಟ ಉಣ್ಣುವವರಿಗಾಗಿ ಹುಟ್ಟಿದ ಈ ಲಿಪಿ, ಎರಡೇ ಹೊತ್ತು ಮುದ್ದೆ ಉಂಡು ಕೂಲಿಗೆ ಹೋಗುವವರ ಮನೆಯಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ಭಾಷೆಯೂ ಇಲ್ಲಿ ಅಡ್ಡ ಬರುತ್ತದೆ. ಆರೋಗ್ಯದ ಭಿತ್ತಿಪತ್ರಗಳಲ್ಲಿ 'ಪ್ರತಿಜೀವಕ' ಎಂದೊಂದು ಪದ ಕಾಣುತ್ತದೆ. ಅದನ್ನು ಆಡುವ ನಾಲಿಗೆಯನ್ನು ನಾವು ಸಂತೆಯಲ್ಲಿ ಕಂಡಿಲ್ಲ. ಸಂತೆಯವರ ಮಾತು 'ಹೀಟು', 'ಪವರು'. ದಖನಿಯವರದು 'ಗರಮ್ ಗೋಲಿ'. ಹೀಟೆಂದು ಹೆದರಿ ಎರಡನೇ ದಿನಕ್ಕೇ ಮಾತ್ರೆ ಬಿಡುವವರಿಗೆ ಉತ್ತರ ಕೊಡಬೇಕಾದದ್ದು ಅವರ ಆ ಪದವನ್ನೇ ಹಿಡಿದು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ತಮ್ಮ ಆರೋಗ್ಯ ಪುಸ್ತಕಗಳಿಗೆ 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು' ಎಂದು ಹೆಸರಿಟ್ಟರು. ಹೆಸರಿನಲ್ಲೇ ಎದುರಿಗೊಬ್ಬಳು ಕೂತಿದ್ದಾಳೆ. ಈಗಿನ ಭಿತ್ತಿಪತ್ರಗಳ ಎದುರು ಯಾರೂ ಕೂತಂತೆ ಕಾಣುವುದಿಲ್ಲ. ನಮ್ಮ ಕತೆಗಾರರನ್ನೂ ಇಲ್ಲಿ ಬಿಡುವಂತಿಲ್ಲ: ಡಾಕ್ಟರು ಬೇಕಾದಷ್ಟು ಕತೆಗಳಲ್ಲಿದ್ದಾರೆ, ಮಾತ್ರೆ ಎಣಿಸಿ ಕೊಡುವವನು ಅಪರೂಪ.

ರಂಜಾನ್ ತಿಂಗಳಲ್ಲಿ ಈ ಮೌನ ಜೀವಕ್ಕೇ ಬರುತ್ತದೆ. ಶುಗರ್ ಇರುವವರು ವೈದ್ಯರ ಬಳಿ ರೋಜಾದ ಮಾತೆತ್ತಿದರೆ "ಉಪವಾಸ ಬೇಡ" ಎಂಬ ಎರಡು ಪದಕ್ಕೆ ಸಂಭಾಷಣೆ ಮುಗಿಯುತ್ತದೆ. ಕಾಯಿಲೆಯವರಿಗೆ ವಿನಾಯಿತಿ ಕುರ್‌ಆನಿನಲ್ಲೇ ಇದೆ ನಿಜ, ಆದರೆ ನಲವತ್ತು ವರ್ಷ ರೋಜಾ ಹಿಡಿದ ಮುದುಕಿ ಅಷ್ಟಕ್ಕೆ ಬಿಡುವುದಿಲ್ಲ. ವೈದ್ಯರಿಗೆ ಹೇಳದೆ ಹಿಡಿಯುತ್ತಾಳೆ, ಮಾತ್ರೆಯ ಹೊತ್ತನ್ನು ತಾನೇ ಬದಲಿಸಿಕೊಳ್ಳುತ್ತಾಳೆ. ಗ್ಲಿಮಿಪಿರೈಡ್‌ನಂಥ ಮಾತ್ರೆಯನ್ನು ಸಹರಿಯಲ್ಲಿ ನುಂಗಿ ಹಗಲೆಲ್ಲ ಹಸಿದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ರಂಜಾನ್ ಮಾರ್ಗದರ್ಶಿ, ತಿಂಗಳು ಶುರುವಾಗುವ 6ರಿಂದ 8 ವಾರ ಮೊದಲೇ ವೈದ್ಯರೊಡನೆ ಕೂತು ಮಾತಾಡಿ ಎನ್ನುತ್ತದೆ. ದಿನಕ್ಕೊಂದೇ ಆದ ಈ ಮಾತ್ರೆ ಇಫ್ತಾರಿಗೆ ಹೋಗಬೇಕು. ಸಕ್ಕರೆ 70ಕ್ಕಿಂತ ಇಳಿದರೆ ರೋಜಾ ಬಿಡಬೇಕು. ಯಾರು ಹಿಡಿಯಲೇಬಾರದು ಎಂಬುದೂ ಆ ಮಾತುಕತೆಯಲ್ಲೇ ತೀರ್ಮಾನವಾಗಬೇಕು. ಏಕಾದಶಿ, ಶಿವರಾತ್ರಿ, ಸೋಮವಾರದ ಒಪ್ಪತ್ತು ಮಾಡುವ ಅಮ್ಮಂದಿರ ಮಾತ್ರೆಗೂ ಇಂಥ ಲೆಕ್ಕ ಬೇಕು. ಮಸೀದಿಯ ಇಮಾಮರನ್ನೂ ಊರಿನ ವೈದ್ಯರನ್ನೂ ಒಂದು ಸಂಜೆ ಒಟ್ಟಿಗೆ ಕೂರಿಸಲು ನಮ್ಮ ಜಮಾತುಗಳಿಗೆ ಎಷ್ಟು ಖರ್ಚಾದೀತು?

ಪ್ರಶ್ನೆಯನ್ನೇ ಕೇಳದವರೂ ಇದ್ದಾರೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಂದ ಬರುವ ಜೇನುಕುರುಬರು ಕೌಂಟರಿನೆದುರು ಕೊಟ್ಟದ್ದನ್ನು ಪಡೆದು ಸುಮ್ಮನೆ ಹೊರಡುತ್ತಾರೆ. ಕುಡುಗೋಲು ಕಣ ರಕ್ತಹೀನತೆಯ ವಿರುದ್ಧ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಆರಂಭವಾಯಿತು. ಆ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾವನ್ನು ನೋವಿಲ್ಲದ ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು. ನೋವಿಲ್ಲದಾಗ ಮಾತ್ರೆ ಏಕೆ ಎಂಬುದನ್ನು ಅವರ ನುಡಿಯಲ್ಲಿ ಯಾರಾದರೂ ಹೇಳದಿದ್ದರೆ ಮಾತ್ರೆ ಗುಡಿಸಲಿನ ಸಂದಿಯಲ್ಲೇ ಉಳಿಯುತ್ತದೆ.

ಇದೇ ತಾಲ್ಲೂಕಿನ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳದ ವಯನಾಡು. ಅಲ್ಲಿನ ಸರ್ಕಾರ 2024ರಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ 'ಆಪರೇಷನ್ ಅಮೃತ್' ಹೆಸರಿನಲ್ಲಿ ತಪಾಸಣೆ ಶುರು ಮಾಡಿತು. ಆ ಔಷಧಿಗಳನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮವನ್ನೂ ತಂದಿತು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ನಮ್ಮ ಕಡೆಯೂ ತಿಳಿವಳಿಕೆಗೆ ಬರವೇನಿಲ್ಲ. ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜಿನಲ್ಲಿ ಔಷಧಿಯ ಬಗ್ಗೆ ರೋಗಿಗೆ ಹೇಗೆ ತಿಳಿಹೇಳಬೇಕೆಂಬುದು ಕಲಿಯುವ ಒಂದು ವಿಷಯವೇ ಆಗಿದೆ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು. ಆ ಪಾಠ ಇನ್ನೂ ಬಸ್ಸು ಹತ್ತಿದಂತಿಲ್ಲ.